ಇಬ್ಬರೇ ಇದ್ದ ಬ್ಯಾಂಡು, ಗಿಟಾರ್ ಪಕ್ಕಕ್ಕಿಟ್ಟ ಆಲ್ಬಂ: ವೈಟ್ ಸ್ಟ್ರೈಪ್ಸ್ ಧಾಟಿ ಬದಲಾದದ್ದು ಹೇಗೆ?

ಫುಟ್‌ಬಾಲ್ ಪಂದ್ಯ ನೋಡುವವರೆಲ್ಲ ಗ್ಯಾಲರಿಯಿಂದ ಏಳುವ ಆ ಕೂಗನ್ನು ಕೇಳಿರುತ್ತಾರೆ: ‘ಓ... ಓ ಓ ಓ ಓ... ಓ... ಓ...’. ಮಾತಿಲ್ಲ, ಏಳೇ ಹೊಡೆತದ ಒಂದು ಸಾಲು. ಅದು ‘ಸೆವೆನ್ ನೇಷನ್ ಆರ್ಮಿ’ ಎಂಬ ಹಾಡಿನ ಗಿಟಾರ್ ಸಾಲು. ಹಾಡು ಬಂದದ್ದು 2003ರಲ್ಲಿ. 2006ರ ವಿಶ್ವಕಪ್ಪಿನಲ್ಲಿ ಇಟಲಿಯ ಅಭಿಮಾನಿಗಳು ಅದನ್ನು ಎತ್ತಿಕೊಂಡ ಮೇಲೆ ಜಗತ್ತಿನ ಮೈದಾನಗಳಿಗೆಲ್ಲ ಹಬ್ಬಿತು.

ಆ ಹಾಡಿನ ಬ್ಯಾಂಡು ಅಮೆರಿಕದ ಡೆಟ್ರಾಯಿಟ್‌ನ ‘ದ ವೈಟ್ ಸ್ಟ್ರೈಪ್ಸ್’. ಅದರಲ್ಲಿ ಇದ್ದವರು ಇಬ್ಬರೇ: ಹಾಡು ಮತ್ತು ಗಿಟಾರ್ ಜ್ಯಾಕ್ ವೈಟ್ ಅವರದು, ಡ್ರಮ್ಸ್ ಮೆಗ್ ವೈಟ್ ಅವರದು. 1997ರಲ್ಲಿ ಶುರುವಾಗಿ 2011ರಲ್ಲಿ ಮುಗಿದ ಈ ಜೋಡಿಯನ್ನು 2025ರಲ್ಲಿ ‘ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್’ಗೆ ಸೇರಿಸಲಾಯಿತು. ಆಗಿನಿಂದ ಹೊಸಬರು ಹಳೆಯ ಆಲ್ಬಂಗಳನ್ನು ಹುಡುಕಿ ಕೇಳುತ್ತಿದ್ದಾರೆ. ಕೇಳುತ್ತಾ ಬಂದು 2005ರ ‘ಗೆಟ್ ಬಿಹೈಂಡ್ ಮಿ ಸೇಟನ್’ ತಲುಪಿದಾಗ ಅನೇಕರು ಗೊಂದಲಕ್ಕೆ ಬೀಳುತ್ತಾರೆ. ಅಬ್ಬರದ ಗಿಟಾರ್ ಬಹುತೇಕ ಮಾಯ. ಅದರ ಜಾಗದಲ್ಲಿ ಪಿಯಾನೋ, ಮರದ ಪಟ್ಟಿಗಳ ಮರಿಂಬಾ, ಮ್ಯಾಂಡೊಲಿನ್, ಗಂಟೆಗಳು. ಐದಾರು ಜನರ ಬ್ಯಾಂಡಿನಲ್ಲಿ ಒಬ್ಬರು ವಾದ್ಯ ಬದಲಿಸಿದರೆ ಮಿಕ್ಕವರು ನಿಭಾಯಿಸುತ್ತಾರೆ. ಇಬ್ಬರೇ ಇರುವಲ್ಲಿ ಒಂದು ವಾದ್ಯ ಬದಲಾದರೆ ಅರ್ಧ ಬ್ಯಾಂಡೇ ಬದಲಾದ ಹಾಗೆ. ಆ ಬದಲಾವಣೆ ಹೇಗೆ ನಡೆಯಿತು ಎಂಬುದನ್ನು ಬುಡದಿಂದ ನೋಡೋಣ.

ಬೇಸ್ ಇಲ್ಲದಿದ್ದರೆ ಏನು ಕೊರತೆ?

ಸಾಮಾನ್ಯ ರಾಕ್ ಬ್ಯಾಂಡಿನಲ್ಲಿ ಗಿಟಾರ್, ಡ್ರಮ್ಸ್‌ಗಳ ಜೊತೆಗೆ ಬೇಸ್ ಗಿಟಾರ್ ಇರುತ್ತದೆ. ನಾಲ್ಕು ದಪ್ಪ ತಂತಿಗಳ ಈ ವಾದ್ಯ ಮಂದ್ರ ಸ್ವರಗಳನ್ನು ನೋಡಿಕೊಳ್ಳುತ್ತದೆ. ಸ್ವರದ ಎತ್ತರವನ್ನು ಅಳೆಯುವುದು ಹರ್ಟ್ಸ್‌ನಲ್ಲಿ, ಎಂದರೆ ತಂತಿ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕದಲ್ಲಿ. ಮಾಮೂಲಿ ಗಿಟಾರಿನ ಅತಿ ದಪ್ಪ ತಂತಿ 82.4 ಹರ್ಟ್ಸ್. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಅದರ ಸರಿ ಅರ್ಧ, 41.2 ಹರ್ಟ್ಸ್. ಕಂಪನ ಅರ್ಧವಾದರೆ ಸ್ವರ ಅದೇ, ಒಂದು ಸ್ಥಾಯಿ ಕೆಳಗೆ.

ಬೇಸ್ ತೆಗೆದುಬಿಟ್ಟರೆ 40ರಿಂದ 80 ಹರ್ಟ್ಸ್‌ವರೆಗಿನ ಜಾಗದಲ್ಲಿ ಡ್ರಮ್ಸ್‌ನ ದೊಡ್ಡ ಬಾಸ್ ಡ್ರಮ್ ಒಂದೇ ಉಳಿಯುತ್ತದೆ. ಅದು ‘ದುಮ್’ ಎಂದು ಗುದ್ದಿ ಸುಮ್ಮನಾಗುತ್ತದೆ, ಸ್ವರ ಹಿಡಿದು ನಿಲ್ಲುವುದಿಲ್ಲ. ತಂಬೂರಿ ಇಲ್ಲದ ಕಚೇರಿಯನ್ನು ನೆನೆಸಿಕೊಳ್ಳಿ: ಗಾಯಕರು ಶ್ರುತಿ ತಪ್ಪದೆ ಹಾಡಿದರೂ ಎರಡು ಸಂಗತಿಗಳ ನಡುವಿನ ಮೌನ ಬರಿದಾಗಿ ಕೇಳಿಸುತ್ತದೆ. ಇಬ್ಬರ ರಾಕ್ ಬ್ಯಾಂಡಿಗೆ ಪ್ರತಿ ಹಾಡಿನಲ್ಲೂ ಇದೇ ಸವಾಲು.

ಒಂದೇ ಗಿಟಾರ್ ಎರಡರ ಕೆಲಸ ಮಾಡಿದ್ದು

ಮೊದಲ ನಾಲ್ಕು ಆಲ್ಬಂಗಳಲ್ಲಿ ಜ್ಯಾಕ್ ವೈಟ್ ಈ ಖಾಲಿಯನ್ನು ತುಂಬಿದ ಬಗೆಗಳಲ್ಲಿ ಎರಡನ್ನು ಅರ್ಥ ಮಾಡಿಕೊಂಡರೆ ಐದನೆಯ ಆಲ್ಬಂ ತಾನಾಗಿಯೇ ಬಿಡಿಸಿಕೊಳ್ಳುತ್ತದೆ.

ಮೊದಲನೆಯದು ಡಿಸ್ಟಾರ್ಷನ್, ಎಂದರೆ ಗಿಟಾರಿನ ವಿದ್ಯುತ್ ಸಂಕೇತವನ್ನು ಬೇಕೆಂದೇ ಒಡೆಯುವುದು. ‘ಬಿಗ್ ಮಫ್’ ಎಂಬ ಕಾಲಿನಡಿಯ ಪೆಟ್ಟಿಗೆ, ಅಂದರೆ ಪೆಡಲ್, ಸಂಕೇತವನ್ನು ಮಿತಿಮೀರಿ ಹಿಗ್ಗಿಸಿ ಅಲೆಯ ತುದಿಗಳನ್ನು ಎರಡು ಹಂತಗಳಲ್ಲಿ ಕತ್ತರಿಸುತ್ತದೆ. ಜೋರಿನ ಭಾಗಕ್ಕೆ ಮಿತಿ ಬೀಳುತ್ತದೆ, ಮೆತ್ತನೆಯ ಭಾಗ ಮೇಲೇಳುತ್ತದೆ. ತಂತಿ ಮೀಟಿದ ಮೇಲೆ ಕ್ಷೀಣಿಸಬೇಕಾದ ಸ್ವರ ಹಲವು ಸೆಕೆಂಡು ಒಂದೇ ಗಟ್ಟಿಯಲ್ಲಿ ನಿಲ್ಲುತ್ತದೆ. ಮೌನ ತುಂಬುವುದು ಹೀಗೆ.

ಡಿಸ್ಟಾರ್ಷನ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಸೊಗಸಾದದ್ದು ಇದೇ. ಎರಡು ಸ್ವರಗಳನ್ನು ಒಟ್ಟಿಗೆ ಒಡೆದಾಗ ಅವುಗಳ ಕಂಪನಗಳ ವ್ಯತ್ಯಾಸದಷ್ಟು ಎತ್ತರದ ಮೂರನೆಯ ಸ್ವರ ಹುಟ್ಟುತ್ತದೆ. ಒಟ್ಟಿಗೆ ನುಡಿಸುವ ಸ್ವರಗಳ ಗುಂಪಿಗೆ ಕಾರ್ಡ್ ಎನ್ನುತ್ತಾರೆ. ರಾಕ್ ಗಿಟಾರ್‌ನವರು ಹೆಚ್ಚಾಗಿ ಹಿಡಿಯುವ ‘ಪವರ್ ಕಾರ್ಡ್’ನಲ್ಲಿ ಇರುವುದು ಎರಡೇ ಸ್ವರ, ನಮ್ಮ ಭಾಷೆಯಲ್ಲಿ ಷಡ್ಜ ಮತ್ತು ಪಂಚಮ. ದಪ್ಪ ತಂತಿಯ ಷಡ್ಜ 82.4 ಹರ್ಟ್ಸ್, ಅದರ ಪಂಚಮ 123.5. ಕಳೆದರೆ ಸುಮಾರು 41. ಯಾರೂ ನುಡಿಸದ ಮಂದ್ರ ಷಡ್ಜ, ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರ, ಅಲ್ಲಿ ಬಂದು ಕೂರುತ್ತದೆ.

ಅದೇ ಷಡ್ಜದ ಜೊತೆ ಅಂತರ ಗಾಂಧಾರ ಹಿಡಿದರೆ ಲೆಕ್ಕ ಕೆಡುತ್ತದೆ. ಗಾಂಧಾರ 103.8 ಹರ್ಟ್ಸ್, ವ್ಯತ್ಯಾಸ 21.4, ಮನುಷ್ಯನ ಕಿವಿಗೆ ನಿಲುಕುವ 20 ಹರ್ಟ್ಸ್ ಗಡಿಯ ಹತ್ತಿರ. ಅದರ ಜೊತೆಗೆ ಶ್ರುತಿಗೆ ಸರಿಯಾಗಿ ಕೂರದ ಇನ್ನಷ್ಟು ಸ್ವರಗಳೂ ಹುಟ್ಟುತ್ತವೆ. ಕಿವಿಗೆ ಸಿಗುವುದು ಕೆಸರು. ಹಾಗಾಗಿ ಅಬ್ಬರದ ಗಿಟಾರ್ ಹಾಡುಗಳಲ್ಲಿ ಗಾಂಧಾರವನ್ನು ಬಿಟ್ಟುಬಿಡುವುದೇ ರೂಢಿ. ಹಾಡಿನ ಭಾವ ಹರ್ಷವೋ ವಿಷಾದವೋ ಎಂಬುದನ್ನು ಬಹುಮಟ್ಟಿಗೆ ಹೇಳುವುದು ಆ ಗಾಂಧಾರವೇ. ಅದನ್ನು ಕೊಟ್ಟು ಬಲವನ್ನು ಕೊಂಡುಕೊಂಡ ಹಾಗಾಯಿತು. ಈ ವ್ಯಾಪಾರವನ್ನು ನೆನಪಿನಲ್ಲಿಟ್ಟುಕೊಳ್ಳಿ.

ಎರಡನೆಯ ಬಗೆ ಸ್ವರವನ್ನೇ ಕೆಳಕ್ಕೆ ಇಳಿಸುವ ಪೆಡಲ್. ‘ಸೆವೆನ್ ನೇಷನ್ ಆರ್ಮಿ’ಯ ಸಾಲು ಬೇಸ್ ಗಿಟಾರ್ ಎಂದೇ ಬಹಳ ಜನ ನಂಬಿದ್ದಾರೆ. ಅದು ‘ಕೇ’ ಕಂಪನಿಯ ಹಳೆಯ, ಒಳಗೆ ಟೊಳ್ಳಿರುವ ಗಿಟಾರು. ಅದರ ಸಂಕೇತ ‘ವ್ಯಾಮಿ’ ಎಂಬ ಪೆಡಲಿನ ಮೂಲಕ ಒಂದು ಸ್ಥಾಯಿ ಕೆಳಗಿಳಿದು ಬರುತ್ತದೆ. ನುಡಿಸುವ ಸ್ವರ 164.8 ಹರ್ಟ್ಸ್‌ನಲ್ಲಿ ಶುರುವಾದರೆ ನಮಗೆ ಕೇಳಿಸುವುದು 82.4ರಲ್ಲಿ, ಸಾಲು ಇಳಿಯುತ್ತಾ ಕೊನೆಗೆ 61.7ಕ್ಕೆ ನಿಲ್ಲುತ್ತದೆ. ಈ ಪೆಡಲಿಗೆ ಒಂದು ಮಿತಿ ಇತ್ತು: ಒಂದು ಸಲಕ್ಕೆ ಒಂದೇ ಸ್ವರವನ್ನು ಅದು ಸರಿಯಾಗಿ ಗುರುತಿಸುತ್ತಿತ್ತು. ಪಕ್ಕದ ತಂತಿ ತುಸು ತಾಗಿ ಮಿಡಿದರೂ ಸ್ವರ ನಡುಗಿ ಗುಳುಗುಳು ಎನ್ನುತ್ತದೆ. ಆದ್ದರಿಂದ ನುಡಿಸುವವರು ಬೇಡದ ತಂತಿಗಳನ್ನು ಅಂಗೈಯಲ್ಲೂ ಬೆರಳಿನಲ್ಲೂ ಒತ್ತಿಹಿಡಿಯಬೇಕು. ಸ್ವರ ಯಾವುದೆಂದು ತಿಳಿಯಲು ಪೆಡಲಿಗೆ ಕನಿಷ್ಠ ಒಂದೆರಡು ಅಲೆಯಾದರೂ ಬೇಕು. ದಪ್ಪ ತಂತಿಯ ಒಂದು ಅಲೆಗೆ 12 ಮಿಲಿಸೆಕೆಂಡು ಹಿಡಿಯುವುದರಿಂದ ಬಹಳ ಕೆಳಗೆ ನುಡಿಸಿದರೆ ಧ್ವನಿ ಕೈಗಿಂತ ಹಿಂದೆ ಬೀಳುತ್ತದೆ.

2005ರಲ್ಲಿ ಬದಲಾದದ್ದು ಏನು

ಹಿಂದಿನ ಆಲ್ಬಂ ‘ಎಲಿಫೆಂಟ್’ ಅನ್ನು ಲಂಡನ್ನಿನ ‘ಟೋ ರ್‍ಯಾಗ್’ ಸ್ಟುಡಿಯೋದಲ್ಲಿ, ಎಂಟು ಟ್ರ್ಯಾಕಿನ ಟೇಪಿನ ಮೇಲೆ, ಕಂಪ್ಯೂಟರ್ ಇಲ್ಲದೆ ಧ್ವನಿಮುದ್ರಿಸಿದ್ದರು. ಅದಕ್ಕೆ ಗ್ರ್ಯಾಮಿ ಬಂತು, ಜೋಡಿ ಜಗತ್ಪ್ರಸಿದ್ಧವಾಯಿತು. ಅದೇ ದಾರಿಯಲ್ಲಿ ಇನ್ನೊಂದು ಗಿಟಾರ್ ಆಲ್ಬಂ ಬರುತ್ತದೆಂದು ಎಲ್ಲರೂ ಕಾದಿದ್ದರು. ಜ್ಯಾಕ್ ವೈಟ್ ಡೆಟ್ರಾಯಿಟ್‌ನ ತಮ್ಮ ಮನೆಯಲ್ಲಿಯೇ ಧ್ವನಿಮುದ್ರಣ ಮಾಡಿ, 2005ರ ಜೂನ್‌ನಲ್ಲಿ 13 ಹಾಡುಗಳ ಬೇರೆಯೇ ಬಗೆಯ ಆಲ್ಬಂ ಹೊರತಂದರು.

ಈ ತಿರುವು ಆಕಾಶದಿಂದ ಉದುರಿದ್ದಲ್ಲ. 2000ದ ‘ಡಿ ಸ್ಟೈಲ್’ ಆಲ್ಬಮ್ಮಿನಿಂದಲೂ ಒಂದೊಂದು ಹಾಡಿನಲ್ಲಿ ಪಿಯಾನೋ ಇಣುಕುತ್ತಲೇ ಇತ್ತು. 2003ರಲ್ಲಿ ತೆರೆಕಂಡ ‘ಕೋಲ್ಡ್ ಮೌಂಟನ್’ ಚಿತ್ರದಲ್ಲಿ ಜ್ಯಾಕ್ ವೈಟ್ ನಟಿಸಿ, ಅದಕ್ಕಾಗಿ ಅಪಲೇಷಿಯನ್ ಬೆಟ್ಟಸೀಮೆಯ ಹಳೆಯ ಹಾಡುಗಳನ್ನು ಹಾಡಿದ್ದರು. 2004ರಲ್ಲಿ ಕಂಟ್ರಿ ಸಂಗೀತದ ಹಿರಿಯ ಗಾಯಕಿ ಲೊರೆಟಾ ಲಿನ್ ಅವರ ‘ವ್ಯಾನ್ ಲಿಯರ್ ರೋಸ್’ ಆಲ್ಬಂ ನಿರ್ಮಿಸಿದ್ದರು. ಹೊಸ ಆಲ್ಬಂನ ‘ಲಿಟಲ್ ಘೋಸ್ಟ್’ ಹಾಡಿನ ಮ್ಯಾಂಡೊಲಿನ್ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ.

ಪಿಯಾನೋ ಕೊಟ್ಟಿದ್ದು, ಕಿತ್ತುಕೊಂಡಿದ್ದು

ಪಿಯಾನೋದ 88 ಕೀಲಿಗಳು 27.5 ಹರ್ಟ್ಸ್‌ನಿಂದ 4186 ಹರ್ಟ್ಸ್‌ವರೆಗೆ ಹರಡಿವೆ. ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರಕ್ಕಿಂತಲೂ ಕೆಳಗೆ ಏಳು ಕೀಲಿಗಳಿವೆ. ಹೀಗಾಗಿ ಮಂದ್ರಕ್ಕೆ ಪೆಡಲೂ ಬೇಡ, ಡಿಸ್ಟಾರ್ಷನ್ ಹುಟ್ಟಿಸುವ ಮೂರನೆಯ ಸ್ವರವೂ ಬೇಡ: ಎಡಗೈ ಬೇಸ್ ನುಡಿಸುತ್ತದೆ, ಬಲಗೈ ಕಾರ್ಡ್ ಹಿಡಿಯುತ್ತದೆ. ಇಬ್ಬರ ಬ್ಯಾಂಡಿಗೆ ಮೂರನೆಯವರು ಸಿಕ್ಕಂತಾಯಿತು.

ಅದಕ್ಕಿಂತ ದೊಡ್ಡ ಲಾಭ ಗಾಂಧಾರದ್ದು. ಪಿಯಾನೋ ಧ್ವನಿ ಒಡೆಯದ್ದರಿಂದ ಮೂರು ನಾಲ್ಕು ಸ್ವರಗಳ ಪೂರ್ತಿ ಕಾರ್ಡ್ ಹಿಡಿದರೂ ಪ್ರತಿ ಸ್ವರ ಬಿಡಿಬಿಡಿಯಾಗಿ ಕೇಳಿಸುತ್ತದೆ. ಹಾಗಾಗಿ ಈ ಆಲ್ಬಂನ ರಾಗಗಳು ತಿರುಗುವ ರೀತಿಯೇ ಬೇರೆ. ‘ವೈಟ್ ಮೂನ್’ ಹಾಗೂ ಕೊನೆಯ ಹಾಡು ‘ಐ ಆ್ಯಮ್ ಲೋನ್ಲಿ’ಯಲ್ಲಿ ಕೇಳುವ ನೋವು ಆ ಬಿಟ್ಟುಹೋಗಿದ್ದ ಸ್ವರ ಮರಳಿದ್ದರ ಫಲ. ಇಂಥ ಹಾಡನ್ನು ಪವರ್ ಕಾರ್ಡ್‌ಗಳ ಮೇಲೆ ಕೂರಿಸಿದರೆ ಅದರ ಜೀವವೇ ಹೋಗುತ್ತದೆ.

ಪಿಯಾನೋ ಕಿತ್ತುಕೊಂಡದ್ದು ನಿಲುಗಡೆಯನ್ನು. ಸುತ್ತಿಗೆ ತಂತಿಗೆ ಬಡಿದ ಕ್ಷಣದಲ್ಲಿ ಧ್ವನಿ ಅತಿ ಜೋರು. ಮರುಕ್ಷಣದಿಂದ ಇಳಿಯುತ್ತಲೇ ಹೋಗುತ್ತದೆ, ಮತ್ತೆ ಏರಿಸಲು ದಾರಿಯಿಲ್ಲ. ಬಲಗಾಲಿನ ಪೆಡಲ್ ಒತ್ತಿಹಿಡಿದರೆ ಸ್ವರಗಳು ಉಳಿಯುತ್ತವೆ ನಿಜ, ಆದರೆ ಕಾರ್ಡ್ ಬದಲಾಗುವಾಗ ಪೆಡಲ್ ಎತ್ತಿ ಮತ್ತೆ ಒತ್ತದಿದ್ದರೆ ಹಳೆಯ ಕಾರ್ಡ್ ಹೊಸದರ ಮೇಲೆ ಚೆಲ್ಲಿ ರಾಡಿಯಾಗುತ್ತದೆ.

‘ಮೈ ಡೋರ್‌ಬೆಲ್’ ಹಾಡು ಈ ದೌರ್ಬಲ್ಯವನ್ನೇ ಬಂಡವಾಳ ಮಾಡಿಕೊಂಡಿದೆ. ಅಲ್ಲಿ ಪಿಯಾನೋ ಸ್ವರವನ್ನು ಎಳೆಯುವುದಿಲ್ಲ, ತುಂಡು ತುಂಡು ಕಾರ್ಡ್‌ಗಳನ್ನು ತಾಳವಾದ್ಯದ ಹಾಗೆ ಬಡಿಯುತ್ತದೆ. ಡ್ರಮ್ಸ್ ಹೊಡೆತ ಮತ್ತು ಪಿಯಾನೋ ಹೊಡೆತ ಒಂದಕ್ಕೊಂದು ಕಚ್ಚಿಕೊಂಡು ನಡೆಯುತ್ತವೆ. ನಡುವೆ ಉಳಿಯುವ ಮೌನವನ್ನು ತುಂಬುವ ಗೋಜಿಗೇ ಹೋಗಿಲ್ಲ. ಹೆಜ್ಜೆ ಹಾಕುವಂತೆ ಮಾಡುವುದು ಆ ಮೌನವೇ. ಹಿಂದಿನ ಆಲ್ಬಂಗಳಲ್ಲಿ ಶತ್ರುವಾಗಿದ್ದ ಖಾಲಿ ಜಾಗ ಇಲ್ಲಿ ಹಾಡಿನ ಭಾಗವಾಯಿತು. ಇಡೀ ಆಲ್ಬಂನ ಕೀಲಿ ಇದು ಎಂದು ನಾನು ಹೇಳುತ್ತೇನೆ.

ದನಿಯ ಮೇಲೂ ಪರಿಣಾಮವಾಯಿತು. ಅಬ್ಬರದ ಗಿಟಾರಿನ ಎದುರು ಹಾಡುವವರು ಕಿರುಚಲೇಬೇಕು. ಪಿಯಾನೋ ಕ್ಷೀಣಿಸುವ ಗಳಿಗೆಯಲ್ಲಿ ಪಿಸುದನಿಯೂ ಕೇಳುತ್ತದೆ. ‘ಟೇಕ್, ಟೇಕ್, ಟೇಕ್’ ಹಾಡಿನಲ್ಲಿ ಒಬ್ಬ ಅಭಿಮಾನಿ ನಟಿ ರೀಟಾ ಹೇವರ್ತ್ ಅವರನ್ನು ಕಂಡು ಮೊದಲು ಹಸ್ತಾಕ್ಷರ, ಆಮೇಲೆ ಫೋಟೋ, ಆಮೇಲೆ ಇನ್ನೇನೋ ಎಂದು ಕೇಳುತ್ತಲೇ ಹೋಗುತ್ತಾನೆ. ಮಾತು ಸ್ಪಷ್ಟವಾಗಿ ಕೇಳಿಸಿದರಷ್ಟೇ ಅಂಥ ಕಥೆ ಹೇಳಲು ಸಾಧ್ಯ.

ಮರಿಂಬಾ: ಮರದ ಸ್ವರ

‘ದ ನರ್ಸ್’ ಹಾಡಿನಲ್ಲಿ ಮೊದಲು ಕಿವಿಗೆ ಬೀಳುವುದು ಮರಿಂಬಾ. ನಮ್ಮ ಕಾಷ್ಠತರಂಗದ ಜಾತಿಯ ವಾದ್ಯ: ಸಾಲಾಗಿ ಜೋಡಿಸಿದ ಮರದ ಪಟ್ಟಿಗಳು, ನೂಲು ಸುತ್ತಿದ ಕೋಲುಗಳಿಂದ ಹೊಡೆತ. ಪ್ರತಿ ಪಟ್ಟಿಯ ಕೆಳಗೂ ತಳ ಮುಚ್ಚಿದ ಒಂದು ಕೊಳವೆ ತೂಗುತ್ತದೆ. ಕೊಳವೆಯ ಉದ್ದ ಆ ಸ್ವರದ ಅಲೆಯ ಕಾಲುಭಾಗದಷ್ಟಿರಬೇಕು; 110 ಹರ್ಟ್ಸ್ ಸ್ವರಕ್ಕೆ ಸುಮಾರು 78 ಸೆಂಟಿಮೀಟರ್. ಒಳಗಿನ ಗಾಳಿ ಪಟ್ಟಿಯ ಜೊತೆ ಕಂಪಿಸಿ ಧ್ವನಿಯನ್ನು ದೊಡ್ಡದು ಮಾಡುತ್ತದೆ.

ಪಟ್ಟಿಯ ಅಡಿಭಾಗವನ್ನು ಕಮಾನಿನಂತೆ ಕೆತ್ತಿರುತ್ತಾರೆ. ಕೆತ್ತದೆ ಬಿಟ್ಟ ಮರದ ತುಂಡಿನಿಂದ ಮೂಲ ಸ್ವರದೊಂದಿಗೆ ಹೊಂದದ ಉಪಸ್ವರಗಳು ಏಳುತ್ತವೆ, ಬಡಿದರೆ ‘ಟಕ್’ ಎನ್ನುತ್ತದೆ. ಹದವಾಗಿ ಕೆತ್ತಿದಾಗ ಮೊದಲ ಉಪಸ್ವರ ಮೂಲ ಕಂಪನದ ನಾಲ್ಕರಷ್ಟಕ್ಕೆ, ಅಂದರೆ ಸರಿಯಾಗಿ ಎರಡು ಸ್ಥಾಯಿ ಮೇಲಕ್ಕೆ, ಕೂರುತ್ತದೆ. ಮರಿಂಬಾದ ಮೆತ್ತಗಿನ, ದುಂಡನೆಯ ನಾದದ ಗುಟ್ಟು ಇದು. ಆದರೆ ಸ್ವರ ಉಳಿಯುವುದು ಪಿಯಾನೋಗಿಂತಲೂ ಕಡಿಮೆ ಹೊತ್ತು. ಎಳೆಯಬೇಕೆಂದರೆ ಎರಡು ಕೋಲುಗಳಿಂದ ಒಂದರ ಹಿಂದೊಂದು ವೇಗವಾಗಿ ಬಡಿಯುತ್ತಲೇ ಇರಬೇಕು.

ಈ ಮೆತ್ತನೆಯ ನಾದದ ನಡುವೆ, ಎಣಿಸದ ಜಾಗಗಳಲ್ಲಿ, ಡ್ರಮ್ಸ್ ಮತ್ತು ಒಡೆದ ಗಿಟಾರ್ ಒಟ್ಟಿಗೆ ಸಿಡಿದು ನಿಂತುಬಿಡುತ್ತವೆ. ಮೊದಲ ಸಲ ಕೇಳುವವರು ಫೈಲ್ ಕೆಟ್ಟಿದೆಯೇನೋ ಎಂದುಕೊಳ್ಳುವುದುಂಟು. ಕೆಟ್ಟಿಲ್ಲ, ಅದು ಬೇಕೆಂದೇ ಇಟ್ಟದ್ದು. ಆರೈಕೆ ಮಾಡಬೇಕಾದವರೇ ನೋಯಿಸುವ ಹಾಡು ಅದು. ಹೊಡೆತ ಎಲ್ಲಿಂದ ಬೀಳುತ್ತದೆಂದು ಕೇಳುಗರಿಗೆ ಗೊತ್ತಾಗಬಾರದು. ಗಿಟಾರಿನ ಅಬ್ಬರ ಹಾಡಿನ ಉದ್ದಕ್ಕೂ ಇದ್ದಿದ್ದರೆ ಈ ಬೆಚ್ಚುವಿಕೆ ಸಿಗುತ್ತಿರಲಿಲ್ಲ.

ಉಳಿದುಕೊಂಡ ಗಿಟಾರ್

ಎಲೆಕ್ಟ್ರಿಕ್ ಗಿಟಾರ್ ಮುಂದೆ ನಿಂತು ನಡೆಸುವುದು ಮುಖ್ಯವಾಗಿ ಮೂರು ಹಾಡುಗಳಲ್ಲಿ: ‘ಬ್ಲೂ ಆರ್ಕಿಡ್’, ‘ಇನ್‌ಸ್ಟಿಂಕ್ಟ್ ಬ್ಲೂಸ್’, ‘ರೆಡ್ ರೇನ್’. ಇವುಗಳಲ್ಲಿ ಮೊದಲನೆಯದೇ ಆಲ್ಬಂನ ಮೊದಲ ಹಾಡು, ಮೊದಲ ಸಿಂಗಲ್, ಎಂದರೆ ಬಿಡಿಯಾಗಿ ಹೊರಬಂದ ಹಾಡು, ಕೂಡ. ಅದನ್ನು ಕೇಳಿ ಆಲ್ಬಂ ಕೊಂಡವರಿಗೆ ಮುಂದಿನ ಹಾಡಿನಲ್ಲೇ ಮರಿಂಬಾ ಎದುರಾಯಿತು.

‘ಬ್ಲೂ ಆರ್ಕಿಡ್’ನ ಗಿಟಾರ್ ದಪ್ಪವಾಗಿ, ಆರ್ಗನ್ನಿನ ಹಾಗೆ ಕೇಳಿಸುವುದಕ್ಕೆ ‘ಪಾಗ್’ ಪೆಡಲ್ ಕಾರಣ. ಪಾಗ್ ಎಂದರೆ ಪಾಲಿಫೋನಿಕ್ ಆಕ್ಟೇವ್ ಜನರೇಟರ್. ಮೂಲ ಸ್ವರದ ಜೊತೆಗೆ ಕೆಳಗಿನ ಸ್ಥಾಯಿಯನ್ನೂ ಮೇಲಿನ ಸ್ಥಾಯಿಯನ್ನೂ ಬೇಕಾದಷ್ಟು ಬೆರೆಸಲು ಅದರಲ್ಲಿ ಬೇರೆ ಬೇರೆ ಜಾರುಗುಂಡಿಗಳಿವೆ. ಹಲವು ತಂತಿ ಒಟ್ಟಿಗೆ ಮಿಡಿದರೂ ಹಳೆಯ ವ್ಯಾಮಿಯಂತೆ ಅದು ತಡಬಡಾಯಿಸುವುದಿಲ್ಲ. ಆ ದಪ್ಪ ಸಾಲಿನ ಮೇಲೆ ಜ್ಯಾಕ್ ವೈಟ್ ಕಳ್ಳದನಿಯಲ್ಲಿ, ಬಹಳ ಮೇಲಿನ ಸ್ಥಾಯಿಯಲ್ಲಿ ಹಾಡುತ್ತಾರೆ. ಗಿಟಾರ್ ಕೆಳಗೆ, ದನಿ ಮೇಲೆ, ಎರಡೂ ಒಂದರ ದಾರಿಗೆ ಇನ್ನೊಂದು ಅಡ್ಡ ಬರುವುದಿಲ್ಲ.

ಮೆಗ್ ವೈಟ್ ಹೆಚ್ಚು ಕೇಳಿಸತೊಡಗಿದ್ದು

ಮೆಗ್ ವೈಟ್ ಅವರ ಡ್ರಮ್ಸ್ ತೀರಾ ಸರಳ ಎಂಬ ದೂರು ಮೊದಲಿನಿಂದಲೂ ಇತ್ತು. ಈ ಆಲ್ಬಂ ಆ ಸರಳತೆಯ ಬೆಲೆ ತೋರಿಸುತ್ತದೆ. ಎಡಗೈ ಪಿಯಾನೋ ಮಂದ್ರ ಸ್ವರ ನುಡಿಸುವಾಗ ಬಾಸ್ ಡ್ರಮ್ಮಿನಲ್ಲಿ ಹೊಡೆತಗಳನ್ನು ತುರುಕಿದರೆ ಎರಡೂ ಒಂದೇ ಜಾಗಕ್ಕೆ ಜಗಳವಾಡುತ್ತವೆ. ಕೈಚಳಕದ ಉರುಳಿಕೆಗಳನ್ನು ಹಾಕಿದರೆ ಪಿಯಾನೋ ಬಿಟ್ಟ ಮೌನವೆಲ್ಲ ತುಂಬಿಹೋಗಿ ಹಾಡಿನ ನಡಿಗೆ ಕೆಡುತ್ತದೆ. ಅವರು ಹೊಡೆತ ಇಟ್ಟು ಸುಮ್ಮನಾಗುತ್ತಾರೆ. ಗಿಟಾರಿನ ಅಬ್ಬರವಿಲ್ಲದ್ದರಿಂದ ಪ್ರತಿ ಡ್ರಮ್ಮಿನ ಚರ್ಮ ಅದುರಿ ನಿಲ್ಲುವವರೆಗೂ ಕೇಳುತ್ತದೆ.

‘ಪ್ಯಾಸಿವ್ ಮ್ಯಾನಿಪ್ಯುಲೇಷನ್’ ಎಂಬ 35 ಸೆಕೆಂಡಿನ ಹಾಡನ್ನು ಹಾಡಿದವರೂ ಅವರೇ.

ವೇದಿಕೆಯಲ್ಲಿ ಮತ್ತು ಆಮೇಲೆ

ಧ್ವನಿಮುದ್ರಣದಲ್ಲಿ ಒಬ್ಬರೇ ಪಿಯಾನೋ ನುಡಿಸಿ, ಅದರ ಮೇಲೆ ಮರಿಂಬಾ, ಅದರ ಮೇಲೆ ಗಿಟಾರ್ ಎಂದು ಪದರ ಪದರವಾಗಿ ಸೇರಿಸಬಹುದು. ‘ಫಾರೆವರ್ ಫಾರ್ ಹರ್’ ಹಾಡು ಹಾಗೆ ಕಟ್ಟಿದ್ದು. ವೇದಿಕೆಯಲ್ಲಿ ಇರುವುದು ಎರಡೇ ಕೈ. ಆ ವರ್ಷದ ಕಚೇರಿಗಳಲ್ಲಿ ಪಿಯಾನೋ, ಮರಿಂಬಾ, ಗಿಟಾರ್‌ಗಳನ್ನೆಲ್ಲ ವೇದಿಕೆ ತುಂಬ ಹರಡಿಟ್ಟು ಜ್ಯಾಕ್ ವೈಟ್ ಒಂದರಿಂದ ಇನ್ನೊಂದಕ್ಕೆ ಓಡುತ್ತಿದ್ದರು. ಆಲ್ಬಂ ಬಿಡುಗಡೆಗೆ ಕೆಲವೇ ದಿನ ಮುಂಚೆ, 2005ರ ಜೂನ್ 1ರಂದು, ಬ್ರೆಜಿಲಿನ ಮನೌಸ್ ನಗರದ ಹಳೆಯ ಒಪೆರಾ ಮಂದಿರದಲ್ಲಿ ಜೋಡಿ ನುಡಿಸಿತು. ಮೈಕ್ ಇಲ್ಲದ ಕಾಲದ ಒಪೆರಾಗೆಂದು ಕಟ್ಟಿದ ಜಾಗ. ಪಿಯಾನೋ ಹಾಡುಗಳಿಗೆ ಹೇಳಿ ಮಾಡಿಸಿದ್ದು.

2006ರಲ್ಲಿ ಆಲ್ಬಂಗೆ ಅತ್ಯುತ್ತಮ ಆಲ್ಟರ್ನೇಟಿವ್ ಆಲ್ಬಂ ವಿಭಾಗದ ಗ್ರ್ಯಾಮಿ ಬಂತು. 2007ರ ‘ಇಕಿ ತಂಪ್’ನಲ್ಲಿ ಅಬ್ಬರದ ಗಿಟಾರ್ ಮರಳಿತು, ಜೊತೆಗೆ ಬ್ಯಾಗ್‌ಪೈಪ್ ಮತ್ತು ಟ್ರಂಪೆಟ್ ಬಂದವು. ಅದೇ ಜೋಡಿಯ ಕೊನೆಯ ಸ್ಟುಡಿಯೋ ಆಲ್ಬಂ.

ಕೇಳುವ ಕ್ರಮ

ಫೋನಿನ ಸ್ಪೀಕರಿನಲ್ಲಿ ಕೇಳಬೇಡಿ. ಆ ಪುಟ್ಟ ಸ್ಪೀಕರು 41 ಹರ್ಟ್ಸ್ ಹಾಗಿರಲಿ, 100 ಹರ್ಟ್ಸನ್ನೂ ಸರಿಯಾಗಿ ಹೊರಡಿಸದು. ಎಡಗೈ ಪಿಯಾನೋ, ಬಾಸ್ ಡ್ರಮ್ ಎರಡೂ ಕಾಣೆಯಾಗಿ ಹಾಡು ತೆಳ್ಳಗಾಗುತ್ತದೆ. ಕಿವಿಗೆ ಬಿಗಿಯಾಗಿ ಕೂರುವ ಇಯರ್‌ಫೋನ್ ಸಾಕು. ಆ್ಯಪಿನಲ್ಲಿ ಎಲ್ಲ ಹಾಡುಗಳನ್ನೂ ಒಂದೇ ಗಟ್ಟಿಗೆ ತರುವ ಆಯ್ಕೆ ಇದ್ದರೆ ಆಫ್ ಮಾಡಿ, ಇಲ್ಲವಾದರೆ ಮೆತ್ತನೆಯ ಹಾಡಿಗೂ ಅಬ್ಬರದ ಹಾಡಿಗೂ ಇರುವ ಅಂತರ ಕುಗ್ಗುತ್ತದೆ.

ಮೊದಲು ‘ಸೆವೆನ್ ನೇಷನ್ ಆರ್ಮಿ’ ಹಾಕಿ, ಕೆಳಗಿಳಿಸಿದ ಗಿಟಾರ್ ಸಾಲಿನ ತೂಕ ಗಮನಿಸಿ. ಹಿಂದೆಯೇ ‘ಮೈ ಡೋರ್‌ಬೆಲ್’ ಹಾಕಿ, ಆ ಮಂದ್ರದ ಕೆಲಸವನ್ನು ಪಿಯಾನೋದ ಎಡಗೈ ಹೇಗೆ ವಹಿಸಿಕೊಂಡಿದೆ ನೋಡಿ. ಮೂರನೆಯದು ‘ದ ನರ್ಸ್’. ಕೊನೆಗೆ ‘ರೆಡ್ ರೇನ್’: ಅದರಲ್ಲಿ ಸಣ್ಣ ಗಂಟೆಯ ನಾದವೂ ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಸ್ಲೈಡ್ ಗಿಟಾರಿನ ಸಿಡಿತವೂ ಒಂದೇ ಹಾಡಿನೊಳಗೆ ಸಿಗುತ್ತವೆ. ಆಮೇಲೆ ಆಲ್ಬಂ ಅನ್ನು ಮೊದಲಿನಿಂದ, ಹಾಡುಗಳ ಕ್ರಮ ಕದಲಿಸದೆ ಕೇಳಿ. ಒಟ್ಟು ಮುಕ್ಕಾಲು ಗಂಟೆಗಿಂತ ಕಡಿಮೆ.